ಚೆಲ್ಲಿದ್ದಲ್ಲ, ಸೋರಿದ್ದು

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು: ಕಾರಿನ ಹಿಂದಿನ ಸೀಟಿನ ಕಡೆ ಏನು ಒದ್ದೆಯಾದರೂ, ಏನು ಅಂಟಂಟಾದರೂ ಮೊದಲ ಅನುಮಾನ ಮಕ್ಕಳ ಮೇಲೆ. ನಮ್ಮಲ್ಲೂ ಅದೇ ಆಯಿತು. ಆದರೆ ಈ ಸಲ ತಪ್ಪು ಮಾಡಿದ್ದು ನಾನು.

ಅಕ್ಟೋಬರ್ ತಿಂಗಳು, ರಾತ್ರಿಯೆಲ್ಲ ಮಳೆ. ಕೆಂಡಲ್ ಪಾರ್ಕಿನ ಹಳೆಯ ರಾಂಚ್ ಮನೆಗಳು ನಿಮಗೆ ಗೊತ್ತಲ್ಲ, 1950ರ ದಶಕದಲ್ಲಿ ಕಟ್ಟಿದವು. ಅಂಥದೊಂದರಲ್ಲಿ ನಾವಿದ್ದೇವೆ. ಗ್ಯಾರೇಜಿದೆ, ಆದರೆ ಅದರಲ್ಲಿ ಅಕ್ಕಿ ಮೂಟೆ, ಸೈಕಲ್ಲು, ಗಣೇಶನ ಹಬ್ಬದ ಮಂಟಪ ಇವೆ. ಕಾರು ಹೊರಗೆ, ಮೇಪಲ್ ಮರದ ಕೆಳಗೆ. ಬೆಳಿಗ್ಗೆ ಶಾಲೆಗೆ ಬಿಡಲು ಹೊರಟಾಗ ಆರು ವರ್ಷದ ಮಗಳು “ಅಮ್ಮ, ಕಾಲು ಒದ್ದೆ” ಎಂದಳು. ತಿರುಗಿ ನೋಡಿದರೆ ಅವಳ ಕಾಲಡಿಯ ಕಾರ್ಪೆಟ್ ನೆಂದು ಕಪ್ಪಾಗಿದೆ. ಪಕ್ಕದಲ್ಲೇ ನೀರಿನ ಬಾಟಲಿ.

“ಮುಚ್ಚಳ ಸರಿಯಾಗಿ ಹಾಕು ಅಂತ ಎಷ್ಟು ಸಲ ಹೇಳಿದೀನಿ?”

“ನಾನು ಚೆಲ್ಲಿಲ್ಲ. ನೀರು ತಾನೇ ಬಂತು.”

“ನೀರಿಗೇನು ಕಾಲಿದೆಯಾ, ತಾನೇ ಬರೋಕೆ?” ಎಂದು ಗದರಿಸಿ, ಅಂದಿನಿಂದ ಕಾರಿನಲ್ಲಿ ಬಾಟಲಿ ಬಂದ್ ಎಂದು ಆಜ್ಞೆ ಹೊರಡಿಸಿದೆ. ಅವಳು ಅಳಲಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಳು.

ಹತ್ತು ದಿನದ ಮೇಲೆ ಮತ್ತೆ ಮಳೆ. ಕಾರಿನಲ್ಲಿ ಬಾಟಲಿಯಿಲ್ಲ, ಕಾರ್ಪೆಟ್ ಮಾತ್ರ ಮತ್ತೆ ಒದ್ದೆ. ಟವೆಲ್ ಹಾಕಿ ಮೊಣಕಾಲಲ್ಲಿ ಒತ್ತಿದರೆ ಹಿಂಡಬಹುದಾದಷ್ಟು ನೀರು. ಜೊತೆಗೆ ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ. ಅಲ್ಲೇ ನಿಂತು ಮಗಳಿಗೆ “ತಪ್ಪಾಯ್ತು ಪುಟ್ಟಿ, ನೀನು ಹೇಳಿದ್ದೇ ಸರಿ” ಎಂದೆ.

ಆಮೇಲೆ ನನ್ನನ್ನು ಕಾಡಿದ್ದು ಕಾರ್ಪೆಟ್ ಅಲ್ಲ. ಅವಳು ಹೇಳಿದ್ದು ನಿಜವೇ ಆಗಿತ್ತು. ಆದರೆ ‘ಸೋರುತ್ತಿದೆ’ ಎಂಬ ಮಾತು ಅವಳ ಬಳಿ ಇರಲಿಲ್ಲ. ನ್ಯೂಜೆರ್ಸಿಯ ಮನೆಯಲ್ಲಿ ಅವಳೆದುರು ಏನೂ ಸೋರಿಲ್ಲ, ಹಾಗಾಗಿ ಆ ಮಾತನ್ನು ಯಾರೂ ಆಡಿಲ್ಲ. ‘ಚೆಲ್ಲು’ ಮಾತ್ರ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಅದು ಅಲ್ಲ ಎಂದು ಹೇಳಲು ಇದ್ದ ಮಾತುಗಳಲ್ಲೇ ‘ತಾನೇ ಬಂತು’ ಎಂದು ಜೋಡಿಸಿದಳು. ನಾನು ಅದನ್ನು ನೆಪ ಅಂದುಕೊಂಡೆ. ಎರಡು ಭಾಷೆಯ ಮಕ್ಕಳ ಜೊತೆ ಇದು ಆಗುತ್ತಲೇ ಇರುತ್ತದೆ. ಮಾತು ಸಾಲದೆ ಮಗು ಸುತ್ತಿ ಬಳಸಿ ಹೇಳುತ್ತದೆ, ನಮಗದು ಸುಳ್ಳಿನ ಹಾಗೆ ಕೇಳುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. “ಸೋರುವುದನ್ನು ಗಂಟೆ ಲೆಕ್ಕದಲ್ಲಿ ಹುಡುಕಬೇಕು, ಎಷ್ಟು ಗಂಟೆ ಅಂತ ಮೊದಲೇ ಹೇಳಲಾಗದು” ಎಂದರು. ಸರಿ, ಹುಡುಕುವ ಕೆಲಸವನ್ನಾದರೂ ನಾವೇ ಮಾಡೋಣ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೀರ್ಥಹಳ್ಳಿಯ ಕಡೆ ಇರುವ ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡುವುದು ನಮ್ಮ ವಾಡಿಕೆ. ಅಲ್ಲಿ ಆಗ ಸಂಜೆ ಆರೂವರೆ. ಹನ್ನೊಂದು ವರ್ಷದ ಮಗ ಮತ್ತು ಅಜ್ಜನ ಮಾತುಕತೆ ಹೇಗಿರುತ್ತದೆಂದು ನೀವೇ ಊಹಿಸಬಲ್ಲಿರಿ. “ತಿಂಡಿ ಆಯ್ತಾ?” “ಆಯ್ತು.” “ಸ್ಕೂಲು?” “ಗುಡ್.” ಫೋನ್ ವಾಪಸ್ ನನ್ನ ಕೈಗೆ. ಒಂದು ವರ್ಷದಿಂದ ಇಷ್ಟೇ. ಆ ದಿನ ಮಾತ್ರ ನಾನು ಫೋನ್ ತೆಗೆದುಕೊಳ್ಳಲಿಲ್ಲ. “ಅಜ್ಜನಿಗೆ ಕಾರಿನ ವಿಷಯ ಹೇಳು” ಎಂದೆ.

ಅವನು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಹೇಳಿದ. ಅಪ್ಪಯ್ಯ ನೆಟ್ಟಗೆ ಕೂತರು. ಆಗುಂಬೆಯ ಸೀಮೆಯಲ್ಲಿ ಹೆಂಚಿನ ಮನೆ ಕಾಯ್ದವರು ಅವರು. ನಮ್ಮ ನ್ಯೂಜೆರ್ಸಿಯಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ ಸುಮಾರು 1200 ಮಿಲಿಮೀಟರ್. ಆಗುಂಬೆಯಲ್ಲಿ 7000 ಮೀರುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸೋರುವುದರ ಬಗ್ಗೆ ಅವರಿಗಿಂತ ಯಾರನ್ನು ಕೇಳಬೇಕು?

“ಪುಟ್ಟ, ನೀರು ಎಲ್ಲಿ ಕಾಣ್ತದೋ ಅಲ್ಲೇ ತೂತು ಇದೆ ಅಂತ ತಿಳ್ಕೋಬೇಡ” ಎಂದರು. “ಹೆಂಚು ಒಡೆದಿರೋದು ಒಂದು ಕಡೆ. ನೀರು ಪಕಾಸಿನ ಮೇಲೆ ಹರಿದು ಹೋಗಿ ತೊಟ್ಟಿಕ್ಕೋದು ಇನ್ನೊಂದು ಕಡೆ. ಒದ್ದೆ ಜಾಗದಿಂದ ಹಿಂದೆ ಹಿಂದೆ ಹೋಗ್ಬೇಕು.”

ಮಗ ಕೇಳಿದ: “ಪಕಾಸು ಅಂದ್ರೇನು ಅಜ್ಜ?” ಅಪ್ಪಯ್ಯ ಫೋನ್ ಎತ್ತಿ ಮಾಡಿನ ಕಡೆ ತಿರುಗಿಸಿದರು. ಹತ್ತು ನಿಮಿಷ ಮನೆಯ ಮಾಡೆಲ್ಲ ತೋರಿಸಿದರು.

ಈಗ ನಿಮಗೆ ಉಪಯೋಗವಾಗುವ ಭಾಗ. ಮೊದಲು ಇದು ಮಳೆಯ ನೀರೇ ಎಂದು ಖಚಿತಮಾಡಿಕೊಳ್ಳಿ. ಬಿಸಿಲಿನ ದಿನ ಎಸಿ ಹಾಕಿ ಓಡಿಸಿದ ಮೇಲೆ ಮುಂದಿನ ಸೀಟಿನ ಕಾಲಡಿ ತಿಳಿನೀರು ಕಂಡರೆ ಎಸಿಯ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ನೀರು ಜಿಡ್ಡಾಗಿದ್ದು, ಸಿಹಿ ವಾಸನೆ ಬಂದು, ಗಾಜಿನ ಒಳಮೈ ಮಂಜಾಗುತ್ತಿದ್ದರೆ ಅದು ಇಂಜಿನ್ನಿನ ಕೂಲಂಟ್. ಅದು ವಿಷ, ಮಕ್ಕಳನ್ನೂ ನಾಯಿಬೆಕ್ಕನ್ನೂ ದೂರ ಇಟ್ಟು ನೇರ ಮೆಕ್ಯಾನಿಕ್ ಹತ್ತಿರ ಹೋಗಿ. ಮಳೆ ಬಂದಾಗ, ಇಲ್ಲವೇ ಕಾರು ತೊಳೆದಾಗ ಮಾತ್ರ ಒದ್ದೆಯಾದರೆ ಅದು ಹೊರಗಿನ ನೀರು. ನಮ್ಮದು ಮೂರನೆಯದು.

ಹೊರಗಿನ ನೀರಿಗೂ ದಾರಿಗಳು ಹಲವು. ಬಾಗಿಲಿನ ರಬ್ಬರ್, ಬಾಗಿಲ ಹಲಗೆಯ ಒಳಗಿನ ಪ್ಲಾಸ್ಟಿಕ್ ಹಾಳೆ, ಮುಂದಿನ ಗಾಜಿನ ಅಂಟು, ವೈಪರ್ ಕೆಳಗಿನ ತೊಟ್ಟಿ, ಹಿಂದಿನ ದೀಪಗಳ ಗ್ಯಾಸ್ಕೆಟ್, ಸನ್‌ರೂಫ್. ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿ ನೀರು ನಿಂತರೆ, ಕಾರಿನೊಳಗೆ ಗಾಳಿ ತರುವ ಕಿಂಡಿಯಿಂದಲೇ ನೀರೂ ಬರಬಹುದು.

ಹುಡುಕಲು ಬೇಕಾದದ್ದು ಒಂದು ಹೋಸ್, ಒಂದು ಟಾರ್ಚು, ಒಣ ಪೇಪರ್ ಟವೆಲ್, ಇಬ್ಬರು ಜನ. ಒಬ್ಬರು ಹೊರಗೆ, ಒಬ್ಬರು ಒಳಗೆ. ಹೋಸಿಗೆ ನಳಿಕೆ ಹಾಕಬೇಡಿ, ಜೋರಾಗಿ ಚಿಮ್ಮಿಸಿದರೆ ಮಳೆಯಲ್ಲಿ ಸೋರದ ಜಾಗವೂ ಸೋರುತ್ತದೆ. ನೀರು ಮೆಲ್ಲಗೆ ಹರಿಯಲಿ, ಒಂದೊಂದು ಜಾಗಕ್ಕೂ ಐದೈದು ನಿಮಿಷ ಕೊಡಿ. ಮುಖ್ಯವಾಗಿ, ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಇಳಿದು ಎಲ್ಲವೂ ಅನುಮಾನಕ್ಕೆ ಒಳಗಾಗುತ್ತವೆ.

ನಾನು ಹೊರಗೆ, ಮಗ ಒಳಗೆ. ಅಪ್ಪಯ್ಯ ಡ್ಯಾಶ್‌ಬೋರ್ಡಿನ ಮೇಲೆ, ಫೋನಿನಲ್ಲಿ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ವರದಿಯೆಲ್ಲ ಕನ್ನಡದಲ್ಲೇ ಆಗಬೇಕು. ಬಾಗಿಲಿನ ಕೆಳಭಾಗಕ್ಕೆ ನೀರು ಬಿಟ್ಟೆ. “ಏನೂ ಇಲ್ಲ.” ಬಾಗಿಲ ಮೇಲ್ಭಾಗ. “ಒಣಗಿದೆ.” ವೈಪರ್ ತೊಟ್ಟಿಯಿಂದ ಎರಡು ಮುಷ್ಟಿ ಕೊಳೆತ ಎಲೆ ತೆಗೆದು ನೀರು ಬಿಟ್ಟೆ. “ಇಲ್ಲೂ ಇಲ್ಲ.” ಗಾಜಿನ ಅಂಚು. “ಇಲ್ಲ ಅಮ್ಮ. ಬೋರ್ ಆಗ್ತಿದೆ.”

ಉಳಿದದ್ದು ಸನ್‌ರೂಫ್. ಒಂದು ವಿಷಯ ನನಗೂ ಆವತ್ತೇ ಅರ್ಥವಾದದ್ದು: ಸನ್‌ರೂಫಿನ ಗಾಜು ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಅದರ ಸುತ್ತ ಸ್ವಲ್ಪ ನೀರು ಒಳಗೆ ಇಳಿಯುತ್ತದೆ, ಇಳಿಯಲೆಂದೇ ಕೆಳಗೊಂದು ತಟ್ಟೆಯಿದೆ. ತಟ್ಟೆಯ ಮೂಲೆಗಳಿಂದ ತೆಳು ಕೊಳವೆಗಳು ಕಾರಿನ ಕಂಬಗಳ ಒಳಗೆ ಇಳಿದು ನೀರನ್ನು ಹೊರಗೆ ಬಿಡುತ್ತವೆ. ಕೊಳವೆ ಕಟ್ಟಿದರೆ ತಟ್ಟೆ ತುಂಬುತ್ತದೆ, ತುಂಬಿದ್ದು ಒಳಗೆ ಇಳಿಯುತ್ತದೆ. ಮಾಡಿನ ದೋಣಿಯಲ್ಲಿ ಎಲೆ ಕಟ್ಟಿದ ಹಾಗೆಯೇ.

ಸನ್‌ರೂಫ್ ತೆರೆದು, ಎಡಮೂಲೆಗೆ ಅರ್ಧ ಲೋಟ ನೀರು ಮೆಲ್ಲಗೆ ಸುರಿದೆ. ಮುಂದಿನ ಚಕ್ರದ ಹಿಂದೆ ನೆಲಕ್ಕೆ ಇಳಿಯಿತು. ಬಲಮೂಲೆಗೆ ಸುರಿದೆ. ನೀರು ಅಲ್ಲೇ ನಿಂತಿತು. ಇನ್ನಷ್ಟು ಸುರಿದೆ. ಒಳಗಿನಿಂದ ಕೂಗು: “ಅಜ್ಜಾ! ಇಲ್ಲಿ, ಇಲ್ಲಿ! ಕಂಬದ ಹತ್ರ ಬರ್ತಿದೆ!”

“ಹೇಗೆ ಬರ್ತಿದೆ? ಸುರೀತಿದೆಯಾ, ತೊಟ್ಟಿಕ್ತಿದೆಯಾ, ಒಸರ್ತಿದೆಯಾ?”

ಸ್ವಲ್ಪ ಹೊತ್ತು ಮೌನ. “ಒಂದೊಂದೇ ಡ್ರಾಪ್ ಬರ್ತಿದೆ.”

“ಹಾಗಾದ್ರೆ ತೊಟ್ಟಿಕ್ತಿದೆ.”

“ತೊಟ್ಟಿಕ್ತಿದೆ ಅಜ್ಜ! ಆಮೇಲೆ ಕಾರ್ಪೆಟ್ ಒಳಗೆ ಹೋಗ್ತಿದೆ.”

“ಅದು ಇಂಗೋದು.”

ಯಾವ ಕನ್ನಡ ಕ್ಲಾಸಿನಲ್ಲೂ ಮೂರು ಕ್ರಿಯಾಪದಗಳನ್ನು ಅವನು ಒಂದು ನಿಮಿಷದಲ್ಲಿ ಕಲಿತದ್ದನ್ನು ನಾನು ನೋಡಿಲ್ಲ. ನಮ್ಮಲ್ಲಿ ಸೋರುವುದು, ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು ಎಲ್ಲ ಬೇರೆ ಬೇರೆ. ಆವತ್ತು ಆ ವ್ಯತ್ಯಾಸ ಅವನಿಗೆ ಬೇಕಾಗಿತ್ತು. ನೀರು ಎಷ್ಟು, ಎಲ್ಲಿಂದ ಎಂದು ಅಜ್ಜನಿಗೆ ಗೊತ್ತಾಗಬೇಕಿತ್ತು.

ಅಪ್ಪಯ್ಯ ಹೇಳಿದ್ದೂ ನಿಜವಾಯಿತು. ನೀರು ಒಳಬರುತ್ತಿದ್ದುದು ಮುಂದೆ. ಅಲ್ಲಿ ದಪ್ಪ ರಬ್ಬರ್ ಮ್ಯಾಟ್ ಇದ್ದದ್ದರಿಂದ ನಮಗೆ ಕಾಣಲಿಲ್ಲ. ಕಾರ್ಪೆಟ್ಟಿನ ಅಡಿಯಲ್ಲೇ ಹಿಂದಕ್ಕೆ ಹರಿದು, ತಗ್ಗಾದ ಜಾಗದಲ್ಲಿ, ಮಗಳ ಕಾಲಡಿ ನಿಲ್ಲುತ್ತಿತ್ತು.

ಕೊಳವೆ ಬಿಡಿಸಲು ಹುಲ್ಲು ಕತ್ತರಿಸುವ ಟ್ರಿಮ್ಮರಿನ ನೈಲಾನ್ ದಾರ ಸಾಕು. ಮೆಲ್ಲಗೆ ತೂರಿಸಿ, ತಿರುಗಿಸಿ, ಹೊರಗೆ ಎಳೆಯಿರಿ. ಕಬ್ಬಿಣದ ತಂತಿ ಬೇಡ, ಕೊಳವೆ ಹರಿಯುತ್ತದೆ. ಜೋರು ಗಾಳಿಯೂ ಬೇಡ, ಕೊಳವೆಯ ಬಾಯಿ ಕಂಬದ ಒಳಗೇ ಕಳಚಿಕೊಂಡರೆ ಕೆಲಸ ದೊಡ್ಡದಾಗುತ್ತದೆ. ಗಾಜಿನ ಪಕ್ಕದ ಕಂಬದ ಹೊದಿಕೆಯನ್ನು ನೀವೇ ಕೀಳಲು ಹೋಗಬೇಡಿ. ಹಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗ್ ಅದರ ಹಿಂದೆಯೇ ಇರುತ್ತದೆ. ನಮ್ಮ ಕೊಳವೆಯಿಂದ ಹೊರಬಂದದ್ದು ಕಪ್ಪು ಕೆಸರು ಮತ್ತು ಮೇಪಲ್ಲಿನ ರೆಕ್ಕೆಬೀಜದ ಚೂರುಗಳು. ಮತ್ತೆ ಅರ್ಧ ಲೋಟ ಸುರಿದೆವು. ಚಕ್ರದ ಹಿಂದೆ ನೀರು ಇಳಿದದ್ದನ್ನು ಮೊದಲು ನೋಡಿದವಳು ಮಗಳು.

ಒಣಗಿಸುವುದೇ ನಿಜವಾದ ಕೆಲಸ. ಕಾರ್ಪೆಟ್ಟಿನ ಮೇಲ್ಮೈ ಒಣಗಿದರೆ ಸಾಲದು, ಅಡಿಯಲ್ಲಿ ಸ್ಪಂಜಿನಂಥ ದಪ್ಪ ಹಾಸಿದೆ. ಒದ್ದೆಯಾದದ್ದನ್ನು 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ ಎನ್ನುತ್ತಾರೆ. ನಾವು ಆಗಲೇ ತಡಮಾಡಿದ್ದೆವು. ಕಾರ್ಪೆಟ್ಟಿನ ಅಂಚು ಎತ್ತಿ, ಅಡಿಗೆ ಮರದ ತುಂಡು ಕೊಟ್ಟು, ವೆಟ್ ವ್ಯಾಕ್ಯೂಮಿನಿಂದ ನೀರು ಎಳೆದು, ಬೇಸ್‌ಮೆಂಟಿನ ಡಿಹ್ಯುಮಿಡಿಫೈಯರನ್ನು ಕಾರಿನೊಳಗೆ ಇಟ್ಟೆವು. ವಾಸನೆ ಹೋಗಲು ನಾಲ್ಕು ದಿನ ಬೇಕಾಯಿತು. ಸೀಟಿನ ಅಡಿಯ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಡ್ಯಾಶ್‌ಬೋರ್ಡಿನಲ್ಲಿ ಏನಾದರೂ ಎಚ್ಚರಿಕೆ ದೀಪ ಹತ್ತಿದರೆ ಮೆಕ್ಯಾನಿಕ್‌ಗೆ ತೋರಿಸಲೇಬೇಕು.

ಹಳೆಯ ಕಾರು ಕೊಳ್ಳಲು ಹೊರಟಿದ್ದರೆ ಇದನ್ನೂ ನೆನಪಿಡಿ. 2012ರ ಸ್ಯಾಂಡಿ, 2021ರ ಸೆಪ್ಟೆಂಬರ್ 1ರ ಐಡಾ ಮಳೆ ನಮ್ಮ ರಾಜ್ಯದಲ್ಲಿ ಎಷ್ಟೋ ಕಾರುಗಳನ್ನು ಮುಳುಗಿಸಿದವು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯಾ ನೋಡಿ. ಕಾರ್ಪೆಟ್ಟಿನ ಅಂಚು ಎತ್ತಿ ಮೂಸಿ. ಎನ್ಐಸಿಬಿ ಸಂಸ್ಥೆಯ ‘ವಿನ್‌ಚೆಕ್’ನಲ್ಲಿ ಕಾರಿನ ನಂಬರ್ ಹಾಕಿ ನೋಡಲು ದುಡ್ಡು ಕೊಡಬೇಕಿಲ್ಲ. ಸೋರಿಕೆಯನ್ನು ಸರಿಮಾಡಬಹುದು, ಮುಳುಗಿದ ಕಾರಿನ ಕಥೆಯೇ ಬೇರೆ.

ಊರಿನಲ್ಲಿ ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸಿ, ದೋಣಿಯ ಎಲೆ ತೆಗೆಯುವ ಪದ್ಧತಿ ಇದೆಯಲ್ಲ, ಹಾಗೆ ನಾವೂ ವರ್ಷಕ್ಕೆ ಎರಡು ಸಲ ಎಂದು ನಿರ್ಧರಿಸಿದ್ದೇವೆ. ಮೇಪಲ್ ಬೀಜ ಉದುರಿದ ಮೇಲೆ ಒಮ್ಮೆ, ಎಲೆ ಉದುರಿದ ಮೇಲೆ ಒಮ್ಮೆ. ಪ್ರತಿ ಮೂಲೆಗೂ ಅರ್ಧ ಲೋಟ ನೀರು. ಮೇಲ್ವಿಚಾರಣೆ ಅಜ್ಜನದು.

ಮಗನ ಕನ್ನಡ ಒಂದೇ ಶನಿವಾರದಲ್ಲಿ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಮರುವಾರ ಮತ್ತೆ “ಆಯ್ತು”, “ಗುಡ್” ಎಂದೇ ಶುರುವಾಯಿತು. ಆದರೆ ಫೋನ್ ವಾಪಸ್ ಕೊಡುವ ಮೊದಲು ಅವನೇ ಕೇಳಿದ: “ಅಜ್ಜ, ನಿಮ್ಮ ಮಾಡು ಈಗ ಸೋರ್ತಿದೆಯಾ?” ಅಪ್ಪಯ್ಯನ ಉತ್ತರ ಇಪ್ಪತ್ತು ನಿಮಿಷ ನಡೆಯಿತು. ನಮ್ಮ ಮಕ್ಕಳಿಗೆ ಅಜ್ಜ ಅಜ್ಜಿಯರ ಜೊತೆ ಮಾತಿಲ್ಲ ಎಂದು ಕೊರಗುವಾಗ, ಮಾತಾಡಲು ವಿಷಯ ಕೊಟ್ಟಿದ್ದೇವೆಯೇ ಎಂದು ನಾವು ಕೇಳಿಕೊಂಡಿರುವುದಿಲ್ಲ. ಕೆಟ್ಟುಹೋದ ಯಾವುದಾದರೂ ವಸ್ತು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಅದನ್ನು ರಿಪೇರಿ ಮಾಡುವಾಗ ಊರಿನವರನ್ನು ಫೋನಿನಲ್ಲಿ ಕೂರಿಸಿಕೊಳ್ಳಿ. ಮಗು ಮಾತಿಗೆ ತಡಕಾಡಿದರೆ ನಡುವೆ ಬಾಯಿ ಹಾಕಬೇಡಿ. ಆ ಮಾತು ಅಜ್ಜನಿಂದಲೇ ಬರಲಿ.

ಮಗಳ ನೀರಿನ ಬಾಟಲಿ ಕಾರಿಗೆ ವಾಪಸ್ ಬಂದಿದೆ. ಕಳೆದ ವಾರ ಅವಳು ಅದನ್ನು ನಿಜವಾಗಿಯೂ ಬೀಳಿಸಿದಳು. ನಾನು ತಿರುಗುವ ಮೊದಲೇ, “ಅಮ್ಮ, ಇದು ಸೋರಿದ್ದಲ್ಲ. ಈ ಸಲ ಚೆಲ್ಲಿದ್ದು” ಎಂದಳು.

ನೀರು ತೊಟ್ಟಿಕ್ಕುವುದಕ್ಕೆ, ಒಸರುವುದಕ್ಕೆ ನಿಮ್ಮ ಕಡೆ ಬೇರೆ ಮಾತುಗಳಿದ್ದರೆ ಬರೆದು ತಿಳಿಸಿ. ಅಪ್ಪಯ್ಯನಿಗೂ ಓದಿ ಹೇಳುತ್ತೇನೆ.