ಮಾವು ಮಾಗಿಸುವ ಪೈ ಬಂಧ

ಅಡೆ ಹಾಕಿದ ಮಾವು ಹುಲ್ಲಿನೊಳಗೆ ಬೇಗ ಹಣ್ಣಾಗುವುದೇಕೆ? ಕಾಯಿಗಳೇ ಹೊರಬಿಡುವ ಎಥಿಲೀನ್ ಅನಿಲ ಅಲ್ಲೇ ಉಳಿಯುವುದರಿಂದ.

ಎಥಿಲೀನ್‌ನ ಎರಡು ಇಂಗಾಲ ಪರಮಾಣುಗಳಲ್ಲೂ ಒಂದು ಎಸ್, ಎರಡು ಪಿ ಕಕ್ಷಕಗಳು ಬೆರೆತು ಮೂರು ಸಮಾನ ಕಕ್ಷಕಗಳಾಗುತ್ತವೆ. ಇದೇ ಎಸ್‌ಪಿ2 ಸಂಕರಣ. ಇವು ಸುಮಾರು 120 ಡಿಗ್ರಿ ಕೋನದಲ್ಲಿ ಸಿಗ್ಮಾ ಬಂಧಗಳನ್ನು ಏರ್ಪಡಿಸುತ್ತವೆ. ಬೆರೆಯದೆ ಉಳಿದ ಎರಡು ಪಿ ಕಕ್ಷಕಗಳು ಪಕ್ಕದಿಂದ ಕೂಡಿದಾಗ ಪೈ ಬಂಧ ಉಂಟಾಗುತ್ತದೆ. ಕಾಯಿಯ ಜೀವಕೋಶದ ಗ್ರಾಹಕದಲ್ಲಿರುವ ತಾಮ್ರದ ಅಯಾನು ಹಿಡಿದುಕೊಳ್ಳುವುದು ಈ ಪೈ ಬಂಧದ ಎಲೆಕ್ಟ್ರಾನುಗಳನ್ನೇ. ಈಥೇನ್‌ನಲ್ಲೂ ಇಂಗಾಲ ಎರಡೇ. ಆದರೆ ಎಸ್‌ಪಿ3 ಸಂಕರಣದಲ್ಲಿ ಪಿ ಕಕ್ಷಕ ಉಳಿಯದು, ಪೈ ಬಂಧವೂ ಇರದು. ಹಾಗಾಗಿ ಅದು ಕಾಯಿಯನ್ನು ಮಾಗಿಸದು.

ಕಾರ್ಬೈಡಿಗೆ ತೇವ ತಗುಲಿದಾಗ ಬರುವ ಅಸಿಟಿಲೀನ್‌ನದು ಎಸ್‌ಪಿ ಸಂಕರಣ; ಬಂಧಕೋನ 180 ಡಿಗ್ರಿ, ಪೈ ಬಂಧಗಳು ಎರಡು. ಇದೂ ಕಾಯಿಯನ್ನು ಮಾಗಿಸುತ್ತದೆ, ಆದರೆ ಎಥಿಲೀನ್‌ನಷ್ಟು ಸಮರ್ಥವಾಗಿ ಅಲ್ಲ. ಅಪಾಯ ಬೇರೆಡೆ ಇದೆ: ಕೈಗಾರಿಕಾ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಕಲ್ಮಷ ಇರಬಹುದು. ಭಾರತದಲ್ಲಿ ಅದರಿಂದ ಹಣ್ಣು ಮಾಗಿಸುವುದು ನಿಷಿದ್ಧ. ಪೋಷಕರೇ, ಕಾಯಿ ತಂದು ಮನೆಯಲ್ಲೇ ಅಡೆ ಹಾಕಿ; ಮಕ್ಕಳಿಗೆ ಹಣ್ಣೂ ಸಿಗುತ್ತದೆ, ಪಾಠವೂ ಆಗುತ್ತದೆ.