ಒಸಡಿನ ರಕ್ತ ನೀಡುವ ಎಚ್ಚರಿಕೆ

ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರಿದೊಡನೆ ಅನೇಕರು ಆ ಭಾಗಕ್ಕೆ ಬ್ರಷ್ಷು ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ಗಾಯವನ್ನು ಕೆದಕಬಾರದೆಂಬ ವಿವೇಕ ಒಸಡಿಗೂ ಸಲ್ಲುವುದೆಂದು ಅವರ ನಂಬಿಕೆ. ಆದರೆ ಇಲ್ಲಿ ಆ ವಿವೇಕವೇ ರೋಗಕ್ಕೆ ಆಸರೆಯಾಗುತ್ತದೆ.

ಒಸಡಿನ ಅಂಚಿನಲ್ಲಿ ಹಲ್ಲಿಗೆ ಅಂಟುವ ಮೆತ್ತನೆಯ ಪಾಚಿಯು ಬರಿಯ ಆಹಾರದ ಕೊಳೆಯಲ್ಲ. ಅದು ಬ್ಯಾಕ್ಟೀರಿಯಗಳ ಬೀಡು. ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದನು. ಆದರೂ ಅವನ ಹಲ್ಲಿನ ಸಂದಿಗಳಲ್ಲಿ ಹಿಟ್ಟಿನಂತಹ ಬಿಳಿಯ ವಸ್ತು ಉಳಿದಿತ್ತು. ತಾನೇ ರಚಿಸಿದ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದಾಗ ಪುಟ್ಟ ಜೀವಿಗಳು ಚಲಿಸುತ್ತಿರುವುದು ಕಂಡಿತು. 1683ರಲ್ಲಿ ಈ ಸಂಗತಿಯನ್ನು ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು.

ಪಾಚಿಗೂ ಒಸಡಿನ ಬೇನೆಗೂ ಇರುವ ನಂಟು ಸ್ಪಷ್ಟವಾಗಿ ತೋರಿಬಂದುದು ಡೆನ್ಮಾರ್ಕಿನ ಆರ್ಹಸ್ ನಗರದಲ್ಲಿ. ಅಲ್ಲಿಯ ದಂತವೈದ್ಯ ಕಾಲೇಜಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗವು 1965ರಲ್ಲಿ ಪ್ರಕಟವಾಯಿತು. ಒಸಡು ಆರೋಗ್ಯವಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಅಷ್ಟು ಮಂದಿಯ ಒಸಡೂ ಉರಿಯೂತಕ್ಕೆ ಗುರಿಯಾಯಿತು, ಒಬ್ಬರೂ ಪಾರಾಗಲಿಲ್ಲ. ಮತ್ತೆ ಹಲ್ಲುಗಳನ್ನು ಶುಚಿಗೊಳಿಸತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಒಸಡುಗಳು ಮೊದಲಿನ ಆರೋಗ್ಯಕ್ಕೆ ಮರಳಿದವು.

ರಕ್ತವು ಬಹುಮಟ್ಟಿಗೆ ಉಜ್ಜಿದ್ದು ಹೆಚ್ಚಾಯಿತೆಂದು ಹೇಳುವುದಿಲ್ಲ, ಸಾಲದೆಂದು ಹೇಳುತ್ತದೆ. ಈ ಹಂತದಲ್ಲಿ ಕೇಡನ್ನು ಸರಿಪಡಿಸಬಹುದು. ಉಪೇಕ್ಷಿಸಿದರೆ ಪಾಚಿಯು ಎಂಜಲಿನ ಲವಣಾಂಶಗಳನ್ನು ಹೀರಿ ಗಟ್ಟಿ ಕಿಟ್ಟವಾಗುತ್ತದೆ. ಕಾಲಕ್ರಮದಲ್ಲಿ ಒಸಡು ಹಲ್ಲಿನಿಂದ ಬಿಡಿಸಿಕೊಂಡು, ಹಲ್ಲನ್ನು ಹಿಡಿದ ಎಲುಬು ಸವೆಯಬಹುದು. ಸವೆದ ಎಲುಬು ತಾನಾಗಿ ಮತ್ತೆ ಬೆಳೆಯದು. ನೋವು ಹೆಚ್ಚಾಗಿ ಕಾಣಿಸದೆ ಇರುವುದರಿಂದ, ಹಲ್ಲು ಅಲುಗಾಡುವವರೆಗೂ ಎಷ್ಟೋ ಮಂದಿಗೆ ಇದರ ಅರಿವೇ ಆಗುವುದಿಲ್ಲ.

ಬೆಳಗ್ಗೆಯೂ ರಾತ್ರಿ ಮಲಗುವ ಮುನ್ನವೂ ಮೃದುವಾದ ಬ್ರಷ್ಷನ್ನು ಒಸಡಿನ ಕಡೆಗೆ ಕೊಂಚ ಓರೆಯಾಗಿ ಹಿಡಿದು, ಹಲ್ಲೂ ಒಸಡೂ ಕೂಡುವ ಅಂಚಿನಲ್ಲಿ ಎರಡು ನಿಮಿಷ ಹಗುರವಾಗಿ ಆಡಿಸಬೇಕು. ಬ್ರಷ್ಷು ತಲುಪದ ಸಂದಿಗಳಿಗೆ ದಂತದಾರವನ್ನಾಗಲಿ ಸಂದಿಗೆಂದೇ ಮಾಡಿದ ಸಣ್ಣ ಬ್ರಷ್ಷನ್ನಾಗಲಿ ಬಳಸಬೇಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣುವುದು ಲೇಸು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯ ಬೇಡ. ಹಲ್ಲನ್ನು ಸಡಿಲಿಸುವುದು ರೋಗವೇ ಹೊರತು ಅದರ ಚಿಕಿತ್ಸೆಯಲ್ಲ. ಪಾಚಿ ದಿನವೂ ಕಟ್ಟುತ್ತದೆ. ಅದನ್ನು ತೆಗೆಯುವ ಕೆಲಸವೂ ದಿನನಿತ್ಯದ್ದೇ.