ವಾಪಸಾಗಬೇಕಿರುವುದು ಆ ಆದೇಶವಲ್ಲ

ಔಷಧ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ ಎಐಒಸಿಡಿ ಕೇಂದ್ರ ಆರೋಗ್ಯ ಸಚಿವಾಲಯದ ಮುಂದೆ ಎರಡು ಬೇಡಿಕೆಗಳನ್ನು ಜೋಡಿಯಾಗಿ ಇಡುತ್ತ ಬಂದಿದೆ. ಆನ್‌ಲೈನ್ ಮಾರಾಟಕ್ಕೆಂದು 2018ರ ಆಗಸ್ಟ್‌ನಲ್ಲಿ ಬಂದ ಕರಡು ನಿಯಮವನ್ನು ಕೈಬಿಡಬೇಕು. ಕೋವಿಡ್ ಶುರುವಾದಾಗ, 2020ರ ಮಾರ್ಚ್ 26ರಂದು, ಮನೆಬಾಗಿಲಿಗೆ ಔಷಧ ತಲುಪಿಸಲು ಕೊಟ್ಟ ಅನುಮತಿಯನ್ನು ವಾಪಸ್ ಪಡೆಯಬೇಕು. ಮೊದಲನೆಯದಕ್ಕೆ ನನ್ನದೂ ಒಂದು ಸಹಿ ಇರಲಿ. ಎರಡನೆಯದು ಮಾತ್ರ ಕೊಡಗಿನ ಪಾಲಿಬೆಟ್ಟದಂಥ ಊರಿನ ಮೆಡಿಕಲ್ ಶಾಪಿನವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವ ಬೇಡಿಕೆ.

ಆ ಅನುಮತಿಯ ಆದೇಶ ಹೇಳುವುದಿಷ್ಟು. ಲೈಸೆನ್ಸ್ ಇರುವ ಅಂಗಡಿ ಚೀಟಿಯನ್ನು ಇಮೇಲ್‌ನಲ್ಲಿ ಪಡೆದು ಔಷಧ ತಲುಪಿಸಬಹುದು. ಬಹುಕಾಲದ ಕಾಯಿಲೆಯಾದರೆ ಚೀಟಿ 30 ದಿನದೊಳಗಿನದಿರಬೇಕು, ಇಲ್ಲದಿದ್ದರೆ 7 ದಿನ. ಅಮಲಿನ ಔಷಧಗಳು, ಎಚ್1 ಮತ್ತು ಎಕ್ಸ್ ಪಟ್ಟಿಯವು ಇದರಡಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಂಗಡಿಯೂ ರೋಗಿಯ ಮನೆಯೂ ಒಂದೇ ಕಂದಾಯ ಜಿಲ್ಲೆಯಲ್ಲಿರಬೇಕು. ಬೆಂಗಳೂರಿನ ಗೋದಾಮಿನಿಂದ ಕೊರಿಯರ್‌ನಲ್ಲಿ ಬರುವ ಪೊಟ್ಟಣ ಈ ಷರತ್ತಿನಲ್ಲಿ ಪಾಸಾಗುವುದಿಲ್ಲ. ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆಯ ಅಂಗಡಿ ಪಾಸಾಗುತ್ತದೆ.

ಆ್ಯಪ್‌ಗಳು ಇದೇ ಆದೇಶದ ಮರೆಯಲ್ಲಿ ಔಷಧ ವ್ಯಾಪಾರ ಮಾಡುತ್ತಿವೆ ಎಂಬುದು ಸಂಘದ ದೂರು. ದೂರು ನಿಜವೇ. 2018ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸಿಲ್ಲದ ಆನ್‌ಲೈನ್ ಮಾರಾಟ ನಿಲ್ಲಿಸಲು ಹೇಳಿತು, 2023ರ ಫೆಬ್ರುವರಿಯಲ್ಲಿ ಔಷಧ ಮಹಾನಿಯಂತ್ರಕರು ನೋಟಿಸ್ ಕೊಟ್ಟರು, ಮಾರಾಟವೇನೂ ನಿಲ್ಲಲಿಲ್ಲ. ಆದರೆ ಮುರಿಯುವವರಿದ್ದಾರೆಂದು ಬೇಲಿಯನ್ನೇ ಕಿತ್ತು ಹಾಕಿ ಎನ್ನುವುದು ಯಾವ ನ್ಯಾಯ?

ಔಷಧ ಅಂಗಡಿಗಳ ದೊಡ್ಡ ಸರಪಳಿಗಳು ಸಂಘದ ಹಾಗೆ ಮುಷ್ಕರ ಹೂಡುತ್ತ ಕೂರಲಿಲ್ಲ. ಅಪೋಲೊ 2020ರಲ್ಲಿ ಆ್ಯಪ್ ತಂದು ತನ್ನ ಅಂಗಡಿಗಳನ್ನೇ ಡೆಲಿವರಿ ಕೇಂದ್ರ ಮಾಡಿಕೊಂಡಿತು. ಅದೇ ವರ್ಷ ನೆಟ್‌ಮೆಡ್ಸ್ ಆ್ಯಪ್ ರಿಲಯನ್ಸ್ ಕೈಸೇರಿತು, ಮರುವರ್ಷ 1ಎಂಜಿ ಆ್ಯಪ್ ಟಾಟಾ ಸಮೂಹದ್ದಾಯಿತು. ಟಾಟಾ ಕಾಫಿಯ ಊರೆಂದೇ ಹೆಸರಾದ ಪಾಲಿಬೆಟ್ಟದಲ್ಲಿ ಇದಕ್ಕೊಂದು ತಮಾಷೆಯೂ ಇದೆ: ಟಾಟಾ ತೋಟದಲ್ಲಿ ಹಣ್ಣು ಕುಯ್ದ ಕೂಲಿಯಲ್ಲಿ ಟಾಟಾ ಆ್ಯಪ್‌ನಿಂದ ಬಿಪಿ ಮಾತ್ರೆ ತರಿಸಬಹುದು. ತಪ್ಪೇನಿಲ್ಲ. ತಲುಪಿಸುವವರು ಯಾರು ಎಂಬುದಷ್ಟೇ ಪ್ರಶ್ನೆ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಡೋರ್ ನಂಬರಿನ ವಿಳಾಸ ನಡೆಯುವುದಿಲ್ಲ. ತೋಟದ ಹೆಸರು, ರೈಟರ ಹೆಸರು ಗೊತ್ತಿದ್ದವರಿಗಷ್ಟೇ ದಾರಿ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಸಂಜೆಯಾದರೆ ಕಾಫಿತೋಟದ ದಾರಿ ಆನೆಯದು. ಬಟವಾಡೆವರೆಗೆ ಸಾಲ ಬರೆದುಕೊಂಡು, ಇಡೀ ಸ್ಟ್ರಿಪ್ ಬೇಡವೆಂದರೆ ನಾಲ್ಕೇ ಮಾತ್ರೆ ಕತ್ತರಿಸಿ ಕೊಡುವುದು ಊರ ಅಂಗಡಿಯಿಂದ ಮಾತ್ರ ಸಾಧ್ಯ. ಒಂದು ಬೈಕು, ಚೀಟಿ ಪಡೆಯಲು ಒಂದು ಇಮೇಲ್, ಇನ್ಸುಲಿನ್‌ಗೆ ಐಸ್ ಇಟ್ಟ ಡಬ್ಬಿ ಇದ್ದರೆ ಈ ಸೇವೆಯನ್ನೇ ಮನೆಬಾಗಿಲಿಗೂ ಒಯ್ಯಬಹುದು. ಇದಕ್ಕೆ ಕಾನೂನಿನ ಆಸರೆ ಎಂದರೆ ಸಂಘ ವಾಪಸ್ ಮಾಡಿ ಎನ್ನುತ್ತಿರುವ ಆ ಆದೇಶವೇ.

ಊರ ಅಂಗಡಿಗೆ ನಿಜವಾದ ಹೊಡೆತ ಆ್ಯಪ್ ಕೊಡುವ ರಿಯಾಯಿತಿಯದು. ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧಕ್ಕೆ 2013ರ ಬೆಲೆ ನಿಯಂತ್ರಣ ಆದೇಶದಂತೆ ಚಿಲ್ಲರೆ ವ್ಯಾಪಾರಿಯ ಪಾಲು ಶೇ 16. ಆ್ಯಪ್ ಶೇ 20 ಬಿಟ್ಟುಕೊಟ್ಟರೆ ಆ ದುಡ್ಡು ಯಾರದು? ಬಹುಪಾಲು ಹೂಡಿಕೆದಾರರದು. 2021ರಲ್ಲಿ 560 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಔಷಧ ಆ್ಯಪ್ ಫಾರ್ಮ್‌ಈಸಿ, ಎರಡೇ ವರ್ಷಕ್ಕೆ ಸುಮಾರು ಶೇ 90ರಷ್ಟು ಇಳಿಸಿದ ಬೆಲೆಯಲ್ಲಿ ಹಣ ಎತ್ತಬೇಕಾಯಿತು. ಸಂಘದ ಜಗಳ ಇಲ್ಲಿರಬೇಕಿತ್ತು.

ಇನ್ನೊಂದು ಮಾತು ಸಂಘಕ್ಕೆ ಕಹಿಯಾಗಬಹುದು. ಗೋಡೆಯ ಮೇಲೆ ಫಾರ್ಮಸಿಸ್ಟರ ಸರ್ಟಿಫಿಕೇಟು, ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ ಹುಡುಗ ಎಂಬ ಅಂಗಡಿಗಳು ಇರುವವರೆಗೆ, ಆ್ಯಪ್‌ನಿಂದ ರೋಗಿಗೆ ಅಪಾಯ ಎಂಬ ವಾದಕ್ಕೆ ತೂಕ ಬರುವುದಿಲ್ಲ.

ಮುಂದಿನ ಮನವಿಯಲ್ಲಿ ಎರಡನೇ ಬೇಡಿಕೆಯನ್ನು ಹೊಡೆದುಹಾಕಿ, ಜಿಲ್ಲೆಯ ಗಡಿಯ ಷರತ್ತನ್ನು ಜಾರಿ ಮಾಡಿ ಎಂದು ಬರೆಯಲಿ. ಔಷಧದ ಬಿಲ್ಲಿನಲ್ಲಿ ಮಾರಿದ ಅಂಗಡಿಯ ವಿಳಾಸ, ಲೈಸೆನ್ಸ್ ನಂಬರು ಇರಲೇಬೇಕು. ಕೊಡಗಿಗೆ ಹೊರಗಿನಿಂದ ಬಂದ ಪೊಟ್ಟಣವನ್ನು ಗುರುತಿಸಲು ಔಷಧ ಪರಿವೀಕ್ಷಕರಿಗೆ ಆ ಬಿಲ್ಲೊಂದೇ ಸಾಕು.